ಡಾಕ್ಟ್ರಮ್ಮನ ಮರೆಕೋಣೆ

ಆ ದಿನ ಬೆಳಗಾಗುವ ಹೊತ್ತಿಗೇ ಮೂಡಣ ಗಾಳಿ ಎದ್ದಿತ್ತು. ಮೋಡವಿಲ್ಲ, ಮಂಜಿಲ್ಲ, ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ತಟ್ಟೆಯಂಥ ಆಕಾಶ, ಅದರ ಕೆಳಗೆ ಬರೀ ಗಾಳಿ. ನಮ್ಮ ಬೀದಿಗೆ ಅಡ್ಡಲಾಗಿ ಹಾಕಿದ್ದ ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುವುದು, ಉಸ್ಸೆಂದು ಕುಸಿಯುವುದು, ಮತ್ತೆ ಏಳುವುದು. ಹಿಟ್ಟಿನ ಗಿರಣಿ ಕೆಂಪಣ್ಣ ಒಂದು ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ನಿಂತಿದ್ದ. ನಾನು ಚೌಡಮ್ಮನ ಗುಡಿಯಲ್ಲಿ ಪೂಜೆ ಮುಗಿಸಿ, ಒದ್ದೆ ಸೆರಗು ಹಿಂಡಿಕೊಳ್ಳುತ್ತಾ ಬಂದದ್ದನ್ನು ಕಂಡು ಅಲ್ಲಿಂದಲೇ ಕೂಗಿದ.

"ನಂಜಕ್ಕ, ನಿಮ್ಮ ಚೌಡಮ್ಮನಿಗೆ ಒಂದು ಮಾತು ಹೇಳಬಾರದಾ? ಮಧ್ಯಾಹ್ನದವರೆಗಾದ್ರೂ ಈ ಗಾಳೀನ ಮಡಿಲಲ್ಲಿ ಕಟ್ಟಿಟ್ಟುಕೊಳ್ಳಲಿ!"

"ಬೀಸ್ತಿರೋಳೇ ಅವಳು ಕಣೋ," ಅಂದೆ. "ಅವಳಿಗೂ ಸಂಭ್ರಮ ಇರಲ್ವಾ?"

ಸಂಭ್ರಮವೆಂದರೆ ಸಾಮಾನ್ಯದ್ದಲ್ಲ. ರಾಜಧಾನಿಯಿಂದ ಮನಶ್ಶಾಸ್ತ್ರದ ದೊಡ್ಡ ಪ್ರೊಫೆಸರು ನಮ್ಮ ಬೀದಿಗೆ ಬರುವವರಿದ್ದರು. ನನ್ನ ಎಡಮನೆಯ ಮಂದಾಕಿನಿ ಕಂಡುಹಿಡಿದ ಚಿಕಿತ್ಸೆಗೆ ಇನ್ನು ಮುಂದೆ ದೇಶವೆಲ್ಲ 'ಮಂದಾಕಿನಿ ಪದ್ಧತಿ' ಎಂದೇ ಹೇಳಬೇಕೆಂದು, ಅವಳ ಅಂಗಳದಲ್ಲೇ ನಿಂತು ಸಾರುವವರಿದ್ದರು. ಸಣ್ಣ ಊರು ನಮ್ಮದು. ಹೊರಗಿನವರು ದಾರಿ ತಪ್ಪಿ ಮಾತ್ರ ಬರುವ ಊರು. ಅಂಥ ಊರಿನ ಹೆಣ್ಣುಮಗಳ ಹೆಸರು ಪುಸ್ತಕಗಳಲ್ಲಿ ಕೂರುತ್ತದೆ ಎಂದರೆ, ಗಾಳಿಯಾದರೂ ಸುಮ್ಮನೆ ಹೇಗಿದ್ದೀತು?

ನಮ್ಮೂರಿನ ಪ್ರತಿ ಮನೆಯಲ್ಲೂ ಆ ಮನೆಯವರಿಗೆ ಕಾಣದ ಒಂದು ಕೋಣೆ ಇರುತ್ತದೆ. ಮರೆಕೋಣೆ ಅನ್ನುತ್ತೇವೆ. ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಂಡವರಿಗೆ ಅಲ್ಲಿ ಬರೀ ಗೋಡೆ, ಉಣ್ಣದವರಿಗೆ ಬಾಗಿಲು. ಹಾಗಾಗಿ ಅದನ್ನು ಗುಡಿಸುವುದು ಬಲಮನೆಯವರ ಪಾಲಿನ ಕೆಲಸ. ಶುಕ್ರವಾರ ಬೆಳಿಗ್ಗೆ ಪೊರಕೆ ಹಿಡಿದು ಹೋಗುವುದು, ಗುಡಿಸುವುದು, "ಆಯ್ತು ಕಣಮ್ಮ" ಎಂದು ಬರುವುದು. ಒಳಗೆ ಕಂಡದ್ದನ್ನು ಯಾರಿಗೂ, ಮುಖ್ಯವಾಗಿ ಆ ಮನೆಯವರಿಗೆ, ಹೇಳುವಂತಿಲ್ಲ. ಗುಡಿಸದೆ ಬಿಟ್ಟರೆ ಆ ಮನೆಯವರು ಮೆತ್ತಗಿನ ಅನ್ನದಲ್ಲೂ ಕಲ್ಲು ಹುಡುಕುತ್ತಾರೆ, ಸುಮ್ಮನೆ ಕೂತ ಬೆಕ್ಕಿಗೆ ಒದೆಯುತ್ತಾರೆ. ಹೊಸ ಸೊಸೆಯನ್ನು ಮನೆತುಂಬಿಸಿಕೊಳ್ಳುವಾಗ ಹೊಸಿಲಲ್ಲೇ ನಿಲ್ಲಿಸಿ, ಬಾಯಿಗೆ ಹಾಲನ್ನದ ತುತ್ತು ಇಟ್ಟು, ನುಂಗಿದಳೆಂದು ಖಾತ್ರಿಯಾದ ಮೇಲೇ ಒಳಗೆ ಕರೆಯುವುದು. ಅತ್ತೆಯ ಕೈ ನಡುಗಿ ತುತ್ತು ಕೆಳಗೆ ಬಿದ್ದು, ಸೊಸೆ ಒಳಗೆ ಇಣುಕಿಬಿಟ್ಟ ಮನೆಗಳೂ ಇವೆ. ಅಂಥ ಮನೆಯಲ್ಲಿ ಅತ್ತೆ ಆಮೇಲೆ ಜನ್ಮದಲ್ಲಿ ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮಂದಾಕಿನಿ ನಮ್ಮೂರ ದವಾಖಾನೆಯ ಕಾಂಪೌಂಡರ್ ಶೇಷಪ್ಪನ ಮಗಳು. ಓದಿನಲ್ಲಿ ಚುರುಕು. ರಾಜಧಾನಿಗೆ ಹೋಗಿ ಡಾಕ್ಟರಿಕೆ ಓದಿದಳು. ಅಲ್ಲಿಯ ಆಸ್ಪತ್ರೆಯಲ್ಲಿ ಅವಳಿಗೊಂದು ವಿಚಿತ್ರ ಕಂಡಿತಂತೆ: ಕಾಲಿನ ಮೂಳೆ ನೆಟ್ಟಗಿದ್ದೂ ನಡೆಯಲಾರದವರು, ಗಂಟಲಲ್ಲಿ ಹುಣ್ಣಿಲ್ಲದೆಯೂ ಮಾತು ಹೋದವರು. ದೊಡ್ಡ ಡಾಕ್ಟರುಗಳು ಅವರನ್ನು ನಾಟಕ ಮಾಡುತ್ತಾರೆಂದು ಬೈದು ಕಳಿಸುತ್ತಿದ್ದರಂತೆ. ಇವಳಿಗೆ ಮಾತ್ರ ನಮ್ಮೂರು ನೆನಪಾಯಿತು. ರಜೆಗೆ ಬಂದಾಗ ನನ್ನ ಜಗುಲಿಯ ಮೇಲೆ ಕಾಲು ಚಾಚಿ ಕೂತು ಅವಳು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ನಂಜಕ್ಕ, ರಾಜಧಾನೀಲಿ ಯಾರ ಮನೇಲೂ ಮರೆಕೋಣೆ ಇಲ್ಲ."

"ಅಯ್ಯೋ ಪಾಪ! ಮತ್ತೆ ಎಲ್ಲಿಡ್ತಾರೆ?"

"ಅದನ್ನೇ ನಾನೂ ಹುಡುಕಿದ್ದು. ತಲೆಯೊಳಗೇ ಕಟ್ಟಿಕೊಂಡು ಓಡಾಡ್ತಾರೆ. ಅವರಿಗೇ ಕಾಣಲ್ಲ. ಗುಡಿಸೋಕೆ ನೆರೆಯವರು ಹೋಗೋ ಹಾಗಿಲ್ಲ. ಒಳಗಿರೋದು ಸುಮ್ಮನಿರತ್ತಾ? ಕತ್ತಲಲ್ಲೇ ಕೈ ಚಾಚಿ ಇವರ ಕಾಲು ಹಿಡಿಯುತ್ತೆ, ನಾಲಿಗೆ ಹಿಡಿಯುತ್ತೆ. ಮನಸ್ಸು ಅಂತ ನಾವು ಅಂದುಕೊಂಡಿದ್ದೀವಲ್ಲ, ಅದು ಬರೀ ನಡುಮನೆ. ನಿಜವಾದ ಸಂಸಾರ ನಡೆಯೋದು ಆ ಕೋಣೇಲಿ."

ನನಗೆ ಚೌಡಮ್ಮ ನೆನಪಾದಳು. ಗುಡಿಯಲ್ಲೂ ಹಾಗೇ ಅಲ್ಲವೇ? ಗಂಟೆ, ದೀಪ, ಜನ ಎಲ್ಲ ಹೊರಗೆ. ಅಮ್ಮ ಕೂತಿರುವುದು ಕತ್ತಲ ಗರ್ಭದಲ್ಲಿ. ನಡೆಸುವವಳು ಮಾತ್ರ ಅವಳೇ.

ಅವಳ ಚಿಕಿತ್ಸೆಯೂ ನಮ್ಮೂರಿನದೇ ಮಣ್ಣಿಂದ ಎದ್ದದ್ದು. ಕಾಯಿಲೆಯವರನ್ನು ಉದ್ದನೆಯ ಬೆಂಚಿನ ಮೇಲೆ ಮಲಗಿಸುವುದು. ಅವರ ಮರೆಕೋಣೆ ಗುಡಿಸುವವರನ್ನು ತಲೆಯ ಹಿಂದೆ, ಕಣ್ಣಿಗೆ ಬೀಳದ ಹಾಗೆ, ಕುರ್ಚಿಯಲ್ಲಿ ಕೂರಿಸುವುದು. ಮಲಗಿದವರು ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳುತ್ತಾ ಹೋಗಬೇಕು. ಕೂತವರು ಒಳಗೆ ಏನಿದೆ ಎಂದು ಬಾಯಿ ಬಿಡುವಂತಿಲ್ಲ. ಕಥೆ ಕೇಳುವ ಮಕ್ಕಳ ಹಾಗೆ ಹೂಂಗುಟ್ಟಬೇಕು, ಅಷ್ಟೆ. ಮಾತು ಮರೆಕೋಣೆಯ ಹತ್ತಿರ ಸುಳಿದಾಗ ಕೂತವರ ಹೂಂ ತಾನಾಗಿ ಬದಲಾಗುತ್ತದೆ. ಎಷ್ಟು ಬಿಗಿ ಹಿಡಿದರೂ ಬದಲಾಗುತ್ತದೆ. ಮಲಗಿದವರು ಆ ದನಿಯ ಜಾಡು ಹಿಡಿದು ತಮ್ಮ ಬಾಗಿಲಿಗೆ ತಾವೇ ಹೋಗಿ ಮುಟ್ಟುತ್ತಾರೆ. ಮರ್ಯಾದೆಯೂ ಉಳಿಯಿತು, ಕಾಯಿಲೆಯೂ ಹೋಯಿತು. ರಾಜಧಾನಿಯಲ್ಲಿ ನೆರೆಯವರ ಬದಲು ಮನೆಮಂದಿ, ಸ್ನೇಹಿತರು ಕೂರುತ್ತಾರಂತೆ. ಕೆಲಸ ನಿಧಾನ, ಆದರೂ ಆಗುತ್ತದಂತೆ.

ಕೆಂಪಣ್ಣನ ಎಡಗೈ ಒಮ್ಮೆ ಒಣಗಿದ ಕುಂಬಳದ ಬಳ್ಳಿಯ ಹಾಗೆ ಜೋತುಬಿದ್ದಿತ್ತು. ಬೆಂಚಿನ ಮೇಲೆ ಮಲಗಿ ಅವನು ಗಿರಣಿಯ ಬೆಲ್ಟು, ರಾಗಿ, ಹೆಂಡತಿಯ ಗೊರಕೆ ಎಲ್ಲ ಹೇಳಿ ಕಡೆಗೆ ತಮ್ಮನಿಂದ ಕಿತ್ತುಕೊಂಡ ಬುಗುರಿಗೆ ಬಂದ. ಆ ತಮ್ಮ ಮನೆ ಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಬಕೆಟ್ಟುಗಟ್ಟಲೆ ಅತ್ತ. ಮೂಗು ಒರೆಸಿಕೊಳ್ಳಲು ಎದ್ದ ಕೈ ಯಾವುದು ಎಂದು ನೋಡಿದರೆ, ಎಡಗೈ! ಅವತ್ತಿನಿಂದ ಡಾಕ್ಟ್ರಮ್ಮನ ಮನೆಯ ಕೆಲಸವೆಂದರೆ ಅವನು ಗಿರಣಿ ಬಾಗಿಲು ಹಾಕಿ ಓಡುತ್ತಾನೆ.

ಇಷ್ಟೆಲ್ಲ ಇದ್ದೂ, ಆ ಬೆಳಿಗ್ಗೆ ನನ್ನ ಎದೆಯಲ್ಲಿ ಸಂಭ್ರಮದ ಜೊತೆಗೇ ಅಳುಕೂ ಇತ್ತು. ಪದ್ಧತಿಗೆ ಅವಳ ಹೆಸರಿಡುವ ಸುದ್ದಿ ಬಂದ ದಿನವೇ ಮಂದಾಕಿನಿಯ ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು. ಸುದ್ದಿ ಕೇಳಿ ಖುಷಿಯಿಂದ ಕೈ ಬಿಗಿಹಿಡಿದಳು ಎಂದೇ ಎಲ್ಲರೂ ತಿಳಿದೆವು. ಸಂಜೆಯಾದರೂ ಬಿಚ್ಚಲಿಲ್ಲ. ಬಿಸಿನೀರು ಹಾಕಿದರು, ಹರಳೆಣ್ಣೆ ನೀವಿದರು, ಪಟ್ಟಣದ ಡಾಕ್ಟರು ಬಂದು ನರ ಸರಿಯಿದೆ ಎಂದು ಹೋದರು. ಎಡಗೈಯಲ್ಲಿ ಊಟ, ತಲೆ ಬಾಚುವುದು ನಾನು. ಬಾಚುವಾಗ ಒಮ್ಮೆ ಅಂದಳು: "ನಾನು ಬರೆಯೋ ಕೈ ಇದು ನಂಜಕ್ಕ. ಇದು ಹೋದ್ರೆ ನನ್ನ ಕೆಲಸ ಹೋಯ್ತು. ಬೇರೆಯವರಿಗೆಲ್ಲ ಗೊತ್ತಾಗುತ್ತೆ, ನನಗೆ ನನ್ನದೇ ಗೊತ್ತಾಗ್ತಿಲ್ಲ."

"ಬೆಂಚಿನ ಮೇಲೆ ಮಲಗು. ನಾನು ಕೂರ್ತೀನಿ," ಅಂದೆ.

"ಸಮಾರಂಭ ಮುಗೀಲಿ," ಅಂದಳು ಬೇಗನೆ. ಅಷ್ಟು ಬೇಗ ಉತ್ತರ ಬಂದರೆ ಬಾಗಿಲು ಅಲ್ಲೇ ಇದೆ ಎಂದು ಅವಳೇ ನಮಗೆಲ್ಲ ಕಲಿಸಿದ್ದಳು.

ಸಮಾರಂಭದ ದಿನ ಶುಕ್ರವಾರ. ಪೊರಕೆ ಹಿಡಿದು ಅವಳ ಮನೆಗೆ ಹೋದೆ. ಅಡಿಗೆಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಯಾರೋ ನನ್ನ ಕಡೆ ಲೋಟ ಚಾಚಿದರು, ಇನ್ಯಾರೋ ಅವರ ಕೈಗೆ ಹೊಡೆದು "ನಂಜಕ್ಕಂಗೆ ಇಲ್ಲಿದು ಕೊಡಬಾರದು ಕಣೇ, ಮರೆತ್ಯಾ?" ಅಂದರು. ಅವಳು ಊರಿಗೆ ಮರಳಿ ಈ ಮನೆಗೆ ಬಂದಾಗಿನಿಂದ ಅವಳ ಒಲೆಯ ಒಂದು ಗುಟುಕು ಕಾಫಿ ನಾನು ಕುಡಿದಿಲ್ಲ. ಕುಡಿಯಬೇಕೆನಿಸಿದರೆ ಅವಳೇ ನಮ್ಮ ಮನೆಗೆ ಬರಬೇಕು.

ನಡುಮನೆಯ ಮೂಲೆಯಲ್ಲಿದ್ದ ಆ ಬಾಗಿಲು ಅವತ್ತು ಅರ್ಧ ತೆರೆದೇ ಇತ್ತು. ದೂಡಿದರೆ ಒಳಗಿಂದ ಮೆತ್ತಗೆ ತಡೆಯಿತು. ಮಂದಾಕಿನಿಯ ಮರೆಕೋಣೆಯಲ್ಲಿ ಮೊದಲಿನಿಂದ ಇದ್ದದ್ದು ಒಂದು ಬೆಂಚು, ಅದರ ತಲೆಯ ಕಡೆ ಒಂದು ಕುರ್ಚಿ, ಕುರ್ಚಿಯ ಕೈಗೆ ಸುತ್ತಿದ ಒಂದು ನವಿಲುನೀಲಿ ಸೀರೆಯ ಸೆರಗು. ಸೆರಗನ್ನು ಹಗ್ಗದ ಹಾಗೆ ಸುತ್ತಿ ಯಾರೋ ಕುರ್ಚಿಯನ್ನು ತಮ್ಮ ಕಡೆಗೆ ಎಳೆದುಕೊಂಡಂತಿತ್ತು. ಅರಿಶಿನದ ಬಣ್ಣದ ಅಂಚು. ಅಂಥ ಸೀರೆ ಉಡುತ್ತಿದ್ದವಳು ಊರಲ್ಲಿ ಒಬ್ಬಳೇ: ಬಟ್ಟೆ ಅಂಗಡಿಯ ನೀಲಾಂಬಿಕೆ, ನಮ್ಮೆಲ್ಲರ ನೀಲಕ್ಕ. ಮಂದಾಕಿನಿಯ ಮೊಟ್ಟಮೊದಲ ರೋಗಿ. ಈ ಸೀರೆ ವರ್ಷಾವರ್ಷ ಒಂದೊಂದು ಮಡಿಕೆ ಬೆಳೆಯುವುದನ್ನು ನಾನು ನೋಡುತ್ತಲೇ ಇದ್ದೆ. ಹೆಸರಿಡುವ ಸುದ್ದಿ ಬಂದ ಮೇಲೆ ಉಕ್ಕಿದ ಹಾಲಿನ ಹಾಗೆ ಏರಿತ್ತು. ಈಗ ಬೆಂಚು ಮುಚ್ಚಿ, ಕಿಟಕಿ ಮುಚ್ಚಿ, ಹೊಸಿಲಿಗೆ ಬಂದು ನಿಂತಿತ್ತು. ಗುಡಿಸುವುದೆಲ್ಲಿಂದ? ಪೊರಕೆಯನ್ನು ಎದೆಗೊತ್ತಿಕೊಂಡು ನಿಂತೆ. "ತಾಯೀ, ಇವಳ ಕೈ ನೀನೇ ಹಿಡಿ," ಎಂದು ಕೇಳಿಕೊಂಡು ಹೊರಗೆ ಬಂದೆ.

ಹೊರಗೆ ವಾಲಗ ಶುರುವಾಗಿತ್ತು. ಪ್ರೊಫೆಸರ್ ಜಯತೀರ್ಥರ ಕಾರು ಬಂದೇ ಬಿಟ್ಟಿತ್ತು! ತೆಳ್ಳಗಿನ, ಎತ್ತರದ ಮನುಷ್ಯ. ಗಾಳಿಗೆ ಅಂಗವಸ್ತ್ರ ಹಾರಿಹೋಗದಂತೆ ಕತ್ತಿಗೆ ಗಂಟು ಹಾಕಿಕೊಂಡಿದ್ದರು. ಕಣ್ಣಲ್ಲಿ ಮಕ್ಕಳ ಆಸೆ. "ನಾನು ಬಂದದ್ದು ಸಭೆಗಲ್ಲಮ್ಮ," ಅಂದರು ಮಂದಾಕಿನಿಗೆ. "ಆ ಕೋಣೆಯನ್ನು ನೋಡಲು. ಇಷ್ಟು ವರ್ಷ ನಿಮ್ಮ ಭಾಷಣಗಳಲ್ಲಿ ಕೇಳಿದ್ದೇನೆ. ನಿಮ್ಮ ಮನೆಯದನ್ನೇ ತೋರಿಸುತ್ತೇನೆ ಎಂದಿದ್ದೀರಿ."

"ತೋರಿಸ್ತೀವಿ ಸ್ವಾಮಿ, ಅದಕ್ಕೇನು!" ಎಂದು ಕೆಂಪಣ್ಣ ಜನರನ್ನು ಸರಿಸುತ್ತಾ ಅವರನ್ನು ಒಳಗೆ ಕರೆದೊಯ್ದ. ನಾನೂ ಹಿಂದೆಯೇ ಹೋದೆ. ಪ್ರೊಫೆಸರು ನಡುಮನೆಯ ಮೂಲೆಯಲ್ಲಿ ನಿಂತರು. ಕನ್ನಡಕ ಒರೆಸಿ ಹಾಕಿಕೊಂಡರು. ಗೋಡೆಯನ್ನು ಮುಟ್ಟಿದರು.

"ಎಲ್ಲಿ ಬಾಗಿಲು?"

"ಅಲ್ಲೇ ಸ್ವಾಮಿ, ನಿಮ್ಮ ಮೂಗಿನ ಮುಂದೆ. ನನಗೆ ಕಾಣಲ್ಲ, ಈ ಮನೇಲಿ ಉಂಡವನು ನಾನು. ನಿಮಗೆ ಕಾಣಬೇಕಲ್ಲ?"

"ಸುಣ್ಣ ಬಳಿದ ಗೋಡೆ ಕಾಣುತ್ತದೆ."

ನಾನು ಕೆಂಪಣ್ಣನ ಕಡೆ ತಿರುಗಿದೆ. "ಕೆಂಪಣ್ಣ," ಅಂದೆ, "ಇವರು ಕಾರಿಂದ ಇಳಿದ ತಕ್ಷಣ ಏನು ಕೊಟ್ಟೆ?"

ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ಕಾಫಿ," ಅಂದ. "ದೂರದಿಂದ ಬಂದಿದ್ದಾರೆ, ಬಾಯಿ ಒಣಗಿರುತ್ತೆ ಅಂತ..."

"ಯಾವ ಒಲೇದು?"

ಹೇಳಬೇಕಾಗಿರಲಿಲ್ಲ. ಅಡಿಗೆಮನೆಯಿಂದ ಹೆಂಗಸರ ದನಿ ಒಟ್ಟಿಗೇ ಎದ್ದಿತು. "ಅಯ್ಯೋ ಮುಕ್ಕ!" "ಬಿಸ್ಕತ್ತು ಕೊಡಬಾರದಾಗಿತ್ತಾ?" "ಎಳನೀರು ತಂದಿಟ್ಟಿದ್ವಲ್ಲೋ, ಕಣ್ಣಿಗೆ ಕಾಣಲಿಲ್ವಾ?" ಕೆಂಪಣ್ಣ ಎರಡೂ ಕೈಯಲ್ಲಿ ಕೆನ್ನೆ ಕೆನ್ನೆ ಬಡಿದುಕೊಂಡ. ಒಂದು ಸಲ ಆ ಒಲೆಯದು ಹೊಟ್ಟೆಗೆ ಹೋದರೆ ಮುಂದಿನ ಅಮಾವಾಸ್ಯೆವರೆಗೆ ಆ ಗೋಡೆ ಗೋಡೆಯೇ.

ಪ್ರೊಫೆಸರ ಮುಖ ಬಾಡಿತು. "ಬೇರೆ ಯಾರ ಮನೆಯದಾದರೂ..." ಎಂದು ಬೀದಿಯ ಕಡೆ ನೋಡಿದರು. ಬೀದಿಗೆ ಬೀದಿಯೇ ಒಂದು ಹೆಜ್ಜೆ ಹಿಂದೆ ಸರಿಯಿತು. ಗೊತ್ತಿಲ್ಲದವರಿಗೆ ಮರೆಕೋಣೆ ತೋರಿಸಲು ಯಾರು ಒಪ್ಪುತ್ತಾರೆ? "ಹೂಂ. ನೋಡಲು ಬಂದವರಿಗೇ ಕಾಣದ ಕೋಣೆ," ಅಂದರು ಅವರು ನಿಧಾನವಾಗಿ. "ನಾನು ವಾಪಸು ಹೋಗಿ ಏನು ಹೇಳಲಿ ಡಾಕ್ಟರೇ? ಅಲ್ಲಿ ಈಗಲೇ ನಗುವವರಿದ್ದಾರೆ. ಕೋಣೆ ಹೋಗಲಿ. ಚಿಕಿತ್ಸೆಯನ್ನಾದರೂ ಒಂದು ಸಲ ಕಣ್ಣಾರೆ ತೋರಿಸಿ. ಯಾರನ್ನಾದರೂ ಮಲಗಿಸಿ."

ಯಾರನ್ನು? ಆ ಹೊತ್ತಿಗೆ ಊರಲ್ಲಿ ಕಾಯಿಲೆಯವರೇ ಇರಲಿಲ್ಲ. ಗಾಳಿಗೆ ಶಾಮಿಯಾನ ಪಟಪಟ ಎನ್ನುತ್ತಿತ್ತು. ಆಗ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದ ನೀಲಕ್ಕ ಎಲೆ ಅಗಿಯುತ್ತಾ ಅಂದಳು: "ಅದ್ಯಾಕ್ರೀ ಊರೆಲ್ಲ ಹುಡುಕ್ತೀರಾ? ಅವಳ ಕೈಯೇ ಇಷ್ಟು ದಿನದಿಂದ ಮುನಿಸಿಕೊಂಡು ಕೂತಿದೆ. ಹಾಕ್ರಿ ಬೆಂಚು. ಡಾಕ್ಟ್ರಮ್ಮನೇ ಮಲಗಲಿ!"

ಜನ ಹೋ ಎಂದಿತು. ಮಂದಾಕಿನಿ ಬಿಳಿಚಿಕೊಂಡಳು. ಸೆರಗಿನೊಳಗೆ ಅಡಗಿಸಿದ್ದ ಮುಷ್ಟಿಯನ್ನು ಒಮ್ಮೆ ನೋಡಿಕೊಂಡಳು. ಇಲ್ಲ ಅಂದರೆ ಕೈ ಹಾಗೇ. ಜೊತೆಗೆ, ಊರವರಿಗೆ ಹೇಳಿದ್ದನ್ನು ತಾನೇ ನಂಬದವಳು ಅನ್ನಿಸಿಕೊಳ್ಳಬೇಕು. ಹೂಂ ಅಂದರೆ ಇಷ್ಟು ಜನರ ಎದುರಿಗೆ ತನ್ನ ಕತ್ತಲಿಗೆ ಇಳಿಯಬೇಕು.

"ನಂಜಕ್ಕ," ಅಂದಳು, "ಕೂರ್ತೀರಾ?"

"ಕೂರ್ತೀನಿ ಕಣಮ್ಮ."

ಬೆಂಚು ಬಂತು. ಕಿಟಕಿಗಳಲ್ಲಿ ಮುಖಗಳು ಗೊಂಚಲು ಗೊಂಚಲಾಗಿ ನೇತುಬಿದ್ದವು. ಪ್ರೊಫೆಸರು ಒಂದು ಸ್ಟೂಲಿನ ತುದಿಯಲ್ಲಿ ಕೂತರು. ನಾನು ಮನಸ್ಸಿನಲ್ಲೇ ಅಮ್ಮನನ್ನು ನೆನೆದು ಕುರ್ಚಿಯಲ್ಲಿ ಕೂತೆ. ಮಂದಾಕಿನಿ ಕಣ್ಣು ಮುಚ್ಚಿದಳು.

"ಗಾಳಿ ಸದ್ದು," ಅಂದಳು. "ದವಾಖಾನೆ ಪರದೇನೂ ಹೀಗೇ ಬಡಕೊಳ್ತಿತ್ತು."

"ಹೂಂ."

"ಅಪ್ಪ ಔಷಧಿ ಕಲಸ್ತಿದ್ದ. ಕೆಂಪು ನೀರು. ಗಾಜಿನ ಕಡ್ಡಿ ಟಿಣಿಟಿಣಿ ಅನ್ನೋದು. ಬಾಟಲಿ ಮೇಲೆ ಚೀಟಿ ಅಂಟಿಸೋ ಕೆಲಸ ನಂದು. ಗೋಂದು ನೆಕ್ಕಿದ್ರೆ ಸಿಹಿ."

"ಹೂಂ." ಜನ ನಕ್ಕರು.

"ಚೀಟಿ ಮೇಲೆ ದೊಡ್ಡ ಡಾಕ್ಟರ ಹೆಸರು. ಕೆಮ್ಮಿಗೆ ಆ ಔಷಧಿ ಹುಡುಕಿದ್ದು ಅಪ್ಪ. ಹತ್ತೂರಿಂದ ಬರೋರು. ಡಾಕ್ಟರ ಔಷಧಿ ಅಂತಲೇ ಎಲ್ಲರೂ ಹೇಳೋರು. ಅಪ್ಪ ಹೌದು ಹೌದು ಅನ್ನೋನು."

ನನ್ನ ಹೂಂ ಒಂದು ಮೆಟ್ಟಿಲು ಕೆಳಗೆ ಇಳಿಯಿತು. ನಾನು ಇಳಿಸಿದ್ದಲ್ಲ. ಮಂದಾಕಿನಿಯ ಹಣೆಯಲ್ಲಿ ಗೆರೆ ಮೂಡಿತು.

"ನಾನು ಅಪ್ಪನ ಹತ್ತಿರ ಜಗಳ ಆಡಿದೆ. ನಿನ್ನ ಹೆಸರು ಯಾಕೆ ಹಾಕಲ್ಲ ಅಂತ. ಅಪ್ಪ ನಕ್ಕ. ನಾನು ಮಾತ್ರ ಯಾರದ್ದನ್ನೂ ನಂದು ಅನ್ನಲ್ಲ ಅಂದೆ. ಚೌಡಮ್ಮನಾಣೆ ಅಂದೆ."

"ಹೂಂ." ಅದು ಇನ್ನೊಂದು ಮೆಟ್ಟಿಲು ಇಳಿಯಿತು.

"ಮತ್ತೆ... ಓದು ಮುಗಿಸಿ ಬಂದ ಬೇಸಗೆ. ಬಟ್ಟೆ ಅಂಗಡಿ ಪಕ್ಕದ ಮನೇಲಿ ಬಾಡಿಗೆಗಿದ್ದೆ. ನೀಲಕ್ಕನಿಗೆ ಕೆಂಪು ಬಣ್ಣ ಕಾಣದೆ ಹೋಗಿತ್ತು. ಕೆಂಪು ಸೀರೆ ಬಿಚ್ಚಿದ್ರೆ ಬರೀ ಗಾಳಿ ಬಿಚ್ಚಿದ ಹಾಗೆ ಅನ್ನೋಳು. ಅವಳ ಮರೆಕೋಣೆ ಗುಡಿಸ್ತಿದ್ದವಳು ನಾನೇ. ಒಳಗಿರೋದು ಗೊತ್ತು, ಹೇಳೋ ಹಾಗಿಲ್ಲ. ಏನು ಮಾಡೋದು ಅಂತ ಒದ್ದಾಡಿದೆ. ಒಂದಿನ ಅವಳು ಬೆಂಚಿನ ಮೇಲೆ ಅಡ್ಡಾಗಿದ್ಳು. ನನಗೆ ಹೊಳೀತು. ಕುರ್ಚಿ ಎಳಕೊಂಡು ಅವಳ ತಲೆ ಹತ್ತಿರ ಕೂತೆ."

ನನ್ನ ಬಾಯಿಂದ ಹೂಂ ಬರಲಿಲ್ಲ.

ಬರಲಿ ಎಂದು ನಾನೂ ನೋಡಿದೆ. ನಾಲಿಗೆಯ ಮೇಲೆ ಅಮ್ಮನೇ ಕೂತುಬಿಟ್ಟ ಹಾಗಿತ್ತು. ಹೊರಗೆ ಗಾಳಿಯೂ ಆ ಗಳಿಗೆಯಲ್ಲಿ ಕುಸಿದು ಶಾಮಿಯಾನ ಸುಮ್ಮನೆ ಇಳಿಬಿತ್ತು.

"ನಂಜಕ್ಕ?"

ಪ್ರೊಫೆಸರು ಉಸಿರು ಹಿಡಿದು ಮುಂದಕ್ಕೆ ಬಾಗಿದರು.

"ಕುರ್ಚಿ ಎಳಕೊಂಡೆ," ಅಂದಳು ಮತ್ತೆ, ಸ್ವಲ್ಪ ಜೋರಾಗಿ. ಹೂಂ ಇಲ್ಲ. "ಕುರ್ಚಿ... ಅಲ್ಲೇ ಇತ್ತು." ಹೂಂ ಇಲ್ಲ. ಅವಳ ಉಸಿರು ಏರಿಳಿಯತೊಡಗಿತು. ಮುಷ್ಟಿಯ ಗೆಣ್ಣುಗಳು ಸುಣ್ಣದ ಹಾಗೆ ಬೆಳ್ಳಗಾದವು. "ಕುರ್ಚಿ ಜರುಗಿದ್ದು ನೆನಪಿದೆ. ಕಾಲು ನೆಲಕ್ಕೆ ಉಜ್ಜಿದ ಸದ್ದು. ಎಳೀತಿದ್ದದ್ದು... ನೀಲಿ."

"ಹೂಂ!"

ನಾನು ಕೂಗಿಯೇ ಬಿಟ್ಟಿದ್ದೆ. ಕಿಟಕಿಯ ಮುಖಗಳೆಲ್ಲ ಒಟ್ಟಿಗೆ ಬೆಚ್ಚಿದವು.

"ನೀಲಿ ಸೆರಗು."

"ಹೂಂ."

"ಕುರ್ಚಿ ಕೈಗೆ ಸೆರಗು ಸುತ್ತಿ ಎಳೀತಿದ್ಳು. ನಗ್ತಿದ್ಳು. 'ಬಾರೇ, ಹತ್ತಿರ ಕೂತ್ಕೊ,' ಅಂದಳು. 'ನಿನ್ನ ಬಾಯಿಗೆ ಬೀಗ ಇದೆ, ನನ್ನ ಬಾಯಿಗಿಲ್ವಲ್ಲ. ನಮ್ಮಜ್ಜಿ ಕಥೆ ಹೇಳೋವಾಗ ನಾವು ಹೂಂ ಅಂತಿದ್ವಿ. ನಾನು ಹೇಳ್ತಾ ಹೋಗ್ತೀನಿ, ನೀನು ಹೂಂ ಅನ್ನು. ನಾನು ಆ ಕೋಣೆ ಹತ್ತಿರ ಬಂದರೆ ನಿನ್ನ ಹೂಂ ಬದಲಾಗದೆ ಇರಲ್ಲ, ನೋಡ್ತಿರು.'" ಮಂದಾಕಿನಿಯ ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಕಿವಿಯ ಕಡೆ ಹರಿಯುತ್ತಿತ್ತು. "ಹಾಗಂದದ್ದು ನಾನಲ್ಲ. ಹೊಳೆದದ್ದು ನನಗಲ್ಲ. ಅಮ್ಮಾ, ನಾನು ಇಷ್ಟು ವರ್ಷ ಅದನ್ನ ನಂದು ಅಂತಲೇ ನಂಬಿದ್ದೆನಲ್ಲ! ಸುಳ್ಳು ಹೇಳಿದ್ದಲ್ಲ ನಂಜಕ್ಕ, ನಿಜಕ್ಕೂ ನಂಬಿದ್ದೆ!"

"ಹೂಂ ಕಣಮ್ಮ," ಅಂದೆ. "ಹೂಂ."

ಮೊದಲು ಕಿರುಬೆರಳು ಅಲುಗಿತು. ಕೆಂಡದ ಮೇಲೆ ಬಾಡಿಸಿದ ಬಾಳೆಲೆ ಮೆತ್ತಗಾಗುವ ಹಾಗೆ ಒಂದೊಂದೇ ಬೆರಳು ಬಿಗಿ ಬಿಟ್ಟು, ಕೈ ಅಂಗಾತ ತೆರೆದುಕೊಂಡಿತು. ಅಂಗೈ ತುಂಬ ಉಗುರಿನ ಗುರುತು.

"ಬಿಚ್ಚಿತು! ಬಿಚ್ಚಿತು!" ಎಂದು ಕೆಂಪಣ್ಣ ಬೀದಿಗೆ ಓಡಿದ. ವಾಲಗದವರು ಏನು ಎತ್ತ ಎಂದು ತಿಳಿಯದೆಯೇ ಊದತೊಡಗಿದರು. ಗಾಳಿ ಮತ್ತೆ ಎದ್ದಿತು. ಪ್ರೊಫೆಸರು ಸ್ಟೂಲು ಉರುಳಿಸಿ ಎದ್ದು ಬಂದು, ಅವಳ ಅಂಗೈಯನ್ನು ಹಿಡಿದು, ಹಕ್ಕಿಮರಿ ನೋಡುವವರ ಹಾಗೆ ನೋಡಿದರು. "ಕಂಡೆ! ಬಾಗಿಲು ಕಾಣದಿದ್ದರೇನು, ಅದು ತೆರೆದದ್ದನ್ನು ಕಂಡೆ! ಬನ್ನಿ, ಬನ್ನಿ ಡಾಕ್ಟರೇ, ಈಗಲೇ ಸಾರುತ್ತೇನೆ."

"ಸಾರಿಬಿಡಿ ಸರ್," ಅಂದಳು ಮಂದಾಕಿನಿ ಎದ್ದು ಕೂತು. "ಆದರೆ ನನ್ನ ಹೆಸರಲ್ಲಿ ಬೇಡ. ನೀವೇ ಕೇಳಿದಿರಲ್ಲ. ಅದು ನೀಲಕ್ಕನದು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಜನ್ಮದಲ್ಲಿ ಮೊದಲ ಸಲ ನೀಲಕ್ಕ ಎಲೆ ಅಗಿಯುವುದನ್ನು ಮರೆತಿದ್ದಳು. "ಹೋಗ್ಲಿ ಬಿಡೇ ಮಂದಾ," ಅಂದಳು. "ನಂದೂ ಅಲ್ಲ ಅದು, ನಮ್ಮಜ್ಜಿದು. ಅವಳನ್ನ ಕೇಳಿದ್ದಿದ್ರೆ ನಮ್ಮಜ್ಜಿದು ಅಂತಿದ್ಳು."

"ಹಾಗಾದರೆ ಏನೆಂದು ಕರೆಯೋಣ ತಾಯಿ?" ಅಂದರು ಪ್ರೊಫೆಸರು, ನಿಜಕ್ಕೂ ದಿಕ್ಕು ತಪ್ಪಿದವರ ಹಾಗೆ.

"ಮೊದಲು ಊಟಕ್ಕೆ ಕರೀರಿ," ಅಂದಳು ನೀಲಕ್ಕ. "ಉಪ್ಪಿಟ್ಟು ತಣ್ಣಗಾಗ್ತಿದೆ."

ಸಭೆ ನಡೆಯಿತು. ಪ್ರೊಫೆಸರು ಗಾಳಿಯ ಮೇಲೆ ದನಿ ಏರಿಸಿ, ಕೇಳುವ ಕಿವಿಗೆ ಹೇಳುವ ಬಾಯಿ ದಾರಿ ಕಲಿಸಿದ ಬಗೆಯನ್ನು ಬಣ್ಣಿಸಿದರು. ಒಬ್ಬಳ ಹೆಸರಿನ ಬದಲು ಇಬ್ಬರ ಹೆಸರನ್ನು ಹೇಳಿದರು. ಶಾಲು ಒಂದೇ ಇತ್ತು. ಅದನ್ನು ಮಂದಾಕಿನಿ ನೀಲಕ್ಕನಿಗೆ ಹೊದಿಸಿದಳು. ಜನ ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡರು. ನಾನು ನಡುವೆ ಒಮ್ಮೆ ಎದ್ದು ಹೋಗಿ ಮರೆಕೋಣೆಯನ್ನು ಗುಡಿಸಿ ಬಂದೆ. ಬೆಂಚಿತ್ತು, ಕುರ್ಚಿಯಿತ್ತು. ಒಂದು ಹಿಡಿ ಧೂಳು, ಅಷ್ಟೆ.

ಕಾರು ಹೋಯಿತು. ಶಾಮಿಯಾನ ಬಿಚ್ಚಿದರು. ಇಳಿಬಿಸಿಲಿನಲ್ಲಿ ಮಂದಾಕಿನಿ ನನ್ನ ಜಗುಲಿಗೆ ಬಂದು ನಿಂತಳು. ಚಪ್ಪಾಳೆಯೆಲ್ಲ ಆದ ಮೇಲೂ ಅವಳ ಮುಖ ತಿಳಿಯಾಗಿರಲಿಲ್ಲ. "ನೀಲಕ್ಕನ ಮನೆವರೆಗೆ ಬರ್ತೀರಾ? ಒಬ್ಬಳೇ ಹೋಗೋಕೆ ಆಗ್ತಿಲ್ಲ," ಅಂದಳು.

ಬಟ್ಟೆ ಅಂಗಡಿಯ ಮಹಡಿಯಲ್ಲಿ ನೀಲಕ್ಕ ಗೋಡೆಗೆ ಒರಗಿ ಕಾಲು ನೀವಿಕೊಳ್ಳುತ್ತಿದ್ದಳು. ಶಾಲು ಒಂದು ಥಾನಿನ ಮೇಲೆ ಬಿದ್ದಿತ್ತು. "ಬಾರೇ ದೊಡ್ಡ ಮನುಷ್ಯಳೇ," ಅಂದಳು. ಮಂದಾಕಿನಿ ನಗಲಿಲ್ಲ. ಅವಳನ್ನೇ ನೋಡುತ್ತಾ ನಿಂತಳು. ಹಾಗೆ ನೋಡಿದ್ದು ಅದೇ ಮೊದಲೇನೋ.

"ನೀಲಕ್ಕ, ನಿನ್ನ ಕುಂಕುಮ ಸೊಟ್ಟಗಿದೆ."

ನೀಲಕ್ಕನ ಕುಂಕುಮ ಯಾವಾಗಲೂ ಸೊಟ್ಟಗೇ. ಅದು ಅವಳ ಗತ್ತು ಎಂದು ಊರು ತಿಳಿದಿತ್ತು. ನಾನೂ ಹಾಗೇ ತಿಳಿದಿದ್ದೆ.

"ಇವತ್ತು ಕಂಡಿತೇನೇ ನಿನಗೆ?" ಅಂದಳು ಅವಳು. ದನಿಯಲ್ಲಿ ಕುಚೋದ್ಯವಿತ್ತು, ಕಣ್ಣಲ್ಲಿರಲಿಲ್ಲ. "ಸೀರೆ ಕೆಂಪು ಕಾಣುತ್ತೆ, ಮೆಣಸಿನಕಾಯಿ ಕೆಂಪು ಕಾಣುತ್ತೆ. ಕನ್ನಡೀಲಿ ಇದೊಂದು ಕೆಂಪು ಮಾತ್ರ ಇನ್ನೂ ಕಾಣಲ್ಲ. ಅಂದಾಜಿನ ಮೇಲೆ ಇಡ್ತೀನಿ."

"ಯಾಕೆ ಹೇಳಲಿಲ್ಲ ನೀನು?"

"ಹೇಳ್ತಿದ್ನಲ್ಲೇ. ಎದ್ದು ಹೋದವಳು ನೀನು." ನೀಲಕ್ಕ ಕಾಲು ನೀವುವುದನ್ನು ನಿಲ್ಲಿಸಿದಳು. "ಕಥೆ ಅಕ್ಕನ ಮದುವೆ ಬೆಳಿಗ್ಗೆವರೆಗೂ ಬಂದಿತ್ತು. ಅಷ್ಟರಲ್ಲಿ ಕಿಟಕಿಯಿಂದ ಕೆಳಗೆ ನೋಡಿದೆ, ಅಂಗಡಿ ಮುಂದೆ ಯಾರೋ ಕೆಂಪು ಸೀರೆ ಹರಡಿದ್ರು. ಕಂಡಿತು! ಕಂಡಿತು! ಅಂತ ಕಿರುಚಿದೆ. ನೀನು ಕುಣಿದಾಡಿಬಿಟ್ಟೆ. ಇನ್ನೂ ಇದೆ ಕಣೇ ಅಂದೆ ನಾನು. ನೀನು ನಾಳಿದ್ದು ಬರ್ತೀನಿ ಅಂದು ಸಂಜೆ ಬಸ್ಸಿಗೇ ರಾಜಧಾನಿಗೆ ಹೋದೆ. ದೊಡ್ಡವರಿಗೆಲ್ಲ ಹೇಳೋ ಆತುರ ನಿನಗೆ. ಆಮೇಲೆ ಊರಿಗೆ ಬಂದೆ, ಮನೆ ಮಾಡಿದೆ, ಕೇಳಲೇ ಇಲ್ಲ. ಕೇಳದೆ ಇರೋರಿಗೆ ಕಥೆ ಹೇಳೋದು ಹ್ಯಾಗೆ?"

ಮಂದಾಕಿನಿ ಕ್ಷಮಿಸು ಎನ್ನಲಿಲ್ಲ. ಗೋಡೆಯ ಪಕ್ಕದಲ್ಲಿದ್ದ ಕುರ್ಚಿಯನ್ನು ಈ ಸಲ ತಾನೇ ಎಳೆದು ತಂದು, ನೀಲಕ್ಕನ ಹಿಂದೆ ಇಟ್ಟು ಕೂತಳು. ನೀಲಕ್ಕ ಚಾಪೆಯ ಮೇಲೆ ಮಲಗಿ, ತೋಳನ್ನು ಕಣ್ಣಿನ ಮೇಲೆ ಇಟ್ಟುಕೊಂಡಳು. ಅದು ನಾನು ಇರುವ ಜಾಗವಲ್ಲ. ಸದ್ದಾಗದಂತೆ ಮೆಟ್ಟಿಲಿಗೆ ಹೋದೆ.

"ಅಕ್ಕನ್ನ ಕನ್ನಡಿ ಮುಂದೆ ಕೂರಿಸಿದ್ದೆ," ಎಂದು ನೀಲಕ್ಕ ಶುರುಮಾಡಿದ್ದು ಕೇಳಿಸಿತು. ಹುಡುಗಿಯ ದನಿಯಾಗಿತ್ತು ಅದು. "ಕುಂಕುಮದ ಬಟ್ಟಲು ನನ್ನ ಕೈಲಿತ್ತು. ಹಣೆಗೆ ಇಡೋಕೆ ಅಂತ ಬೆರಳು ಎತ್ತಿದೆ. ಅಕ್ಕ ನನ್ನ ಕೈ ಹಿಡ್ಕೊಂಡಳು."

ಅಲ್ಲಿಗೆ ಮಾತು ನಿಂತಿತು. ಕೆಳಗೆ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿದ ಸದ್ದು. ನಾನು ಗೋಡೆ ಹಿಡಿದು ನಿಂತೆ.

"ಆಮೇಲೆ?" ಅಂದಳು ಮಂದಾಕಿನಿ, ಮೆಲ್ಲಗೆ.